ಬೋಳು ಬಂಡೆಯ ತುಂಬು ಬದುಕು

ಬೆಳಿಗ್ಗೆ ಸಾವನದುರ್ಗ, ಮಧ್ಯಾಹ್ನ ಭೈರವದುರ್ಗ, ಸಂಜೆಗೆ ಹುತ್ರಿದುರ್ಗ. ಡಿಸೆಂಬರಿನ ಒಂದು ದಿನ ಗೆಳೆಯರ ಜೊತೆ ಮಾಗಡಿ ಸೀಮೆಯ ಕಲ್ಲುಬೆಟ್ಟಗಳನ್ನು ಕೈಯೂರಿ ಹತ್ತಿದಾಗ ಕಂಡದ್ದು, ಕಲಿತದ್ದು.

ಬೆಂಗಳೂರಿನಿಂದ ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿ ಮುಂದೆ ಹೋದರೆ ಎಡಕ್ಕೆ ಒಂದೇ ಬಂಡೆಯಾಗಿ ನಿಂತ ಬೆಟ್ಟ ಕಾಣಿಸಿಕೊಳ್ಳುತ್ತದೆ. ಅದು ಸಾವನದುರ್ಗ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರ. ಮಾಗಡಿ ದಾಟಿದರೆ ಕುದೂರಿನ ಕಡೆಗೆ ಭೈರವದುರ್ಗ, ಕುಣಿಗಲ್ ಕಡೆಗೆ ಹುತ್ರಿದುರ್ಗ. ದಕ್ಷಿಣಕ್ಕೆ ತಿರುಗಿದರೆ ರಾಮನಗರದ ಬೆಟ್ಟಗಳು, ಅದಕ್ಕೂ ಆಚೆ ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗ. ಹೊಲ, ತೋಟ, ಕೆರೆಗಳ ನಡುವಿನಿಂದ ನೇರ ಎದ್ದ ಈ ಬೆಟ್ಟಗಳು ಕಣ್ಣಿಗೆ ಬೀಳದ ದಿನವೇ ಈ ಸೀಮೆಯವರಿಗೆ ಇಲ್ಲ. ಆದರೂ ದಾರಿಹೋಕರ ಬಾಯಲ್ಲಿ ಬರುವ ಮಾತು ಒಂದೇ: ಬರೀ ಬೋಳು ಬಂಡೆ. ಸಾಗುವಳಿಗೆ ಬಾರದ ಕಲ್ಲುನೆಲ ಕಂದಾಯದ ಲೆಕ್ಕದಲ್ಲಿ ಖರಾಬು. ಕಲ್ಲುಗಣಿಯ ಲೆಕ್ಕದಲ್ಲಿ ಇಷ್ಟು ಘನಮೀಟರ್ ಸರಕು.

ಈ ಎರಡೂ ಲೆಕ್ಕಕ್ಕೆ ಸಿಗದ ಸಂಪತ್ತು ಅಲ್ಲಿದೆ. ಅದು ಕಾಣಬೇಕಾದರೆ ಅಂಗೈ, ಅಂಗಾಲು ಎರಡನ್ನೂ ಬಂಡೆಗೆ ಊರಬೇಕು. ಡಿಸೆಂಬರಿನ ಒಂದು ಭಾನುವಾರ ನಾವು ನಾಲ್ವರು ಹೊರಟದ್ದು ಆ ಆಸೆಯಿಂದ. ಒಬ್ಬಳು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವ ಗೆಳತಿ. ಇನ್ನೊಬ್ಬ ಬ್ಯಾಂಕಿನ ಕೆಲಸದವನು, ರಜೆ ಸಿಕ್ಕರೆ ಬೈನಾಕ್ಯುಲರ್ ಹಿಡಿದು ಹಕ್ಕಿಗಳ ಹಿಂದೆ ಹೋಗುವವನು. ಮೂರನೆಯವನು ಮಾಗಡಿ ಪಕ್ಕದ ಹಳ್ಳಿಯವನು. ಚಿಕ್ಕಂದಿನಲ್ಲಿ ದನ ಕಾಯುತ್ತ ಬಂಡೆ ಏರಿದವನು, ದೊಡ್ಡವನಾದ ಮೇಲೆ ಹಗ್ಗ ಕಟ್ಟಿ ಏರುವ ವಿದ್ಯೆಯನ್ನು ತರಬೇತಿ ಪಡೆದು ಕಲಿತವನು. ದಾರಿ ತೋರುವ ಹೊಣೆ ಅವನದು.

ಕಲ್ಲುಬೆಟ್ಟಕ್ಕೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಮಳೆ ಹಿಂದೆ ಸರಿದು ಬಂಡೆ ಒಣಗಿರುತ್ತದೆ, ಬಿಸಿಲಿಗೆ ಇನ್ನೂ ಬಿರುಸು ಬಂದಿರುವುದಿಲ್ಲ. ಮಾರ್ಚ್ ದಾಟಿತೆಂದರೆ ಬಿಸಿಲೇರುವ ಹೊತ್ತಿಗೆ ಕಲ್ಲು ಕಾದು ಅಂಗೈ ಇಡಲಾಗದು. ಈ ತಿಂಗಳಲ್ಲಿ ಊರುಗಳ ಚೆಲುವೂ ಬೇರೆ. ರಾಗಿ ಕಟಾವು ಮುಗಿದು ಮೆದೆಗಳು ಎದ್ದಿರುತ್ತವೆ. ಹೊಲದ ಬದುವಿನಲ್ಲಿ ನಡೆದರೆ ಅವರೆಯ ಸೊಗಡು ಮೂಗಿಗೆ ಅಡರುತ್ತದೆ. ಬುಡದ ಹಾಸುಬಂಡೆಗಳ ಮೇಲೆ ಹೆಂಗಸರು ಕಾಳು ಹರವಿ ಒಣಗಿಸುತ್ತಿದ್ದರು. ಈ ಕಡೆಯ ಒಕ್ಕಲು ಮಕ್ಕಳು ಬಂಡೆಯನ್ನು ಯಾವತ್ತೂ ವ್ಯರ್ಥ ಎಂದುಕೊಂಡವರಲ್ಲ. ಅದು ಅವರ ಕಣ, ಕುರಿ ಮಂದೆಗೆ ತಂಗುವ ಜಾಗ, ದೇವರ ಗುಡಿಗೆ ಅಡಿಪಾಯ.

ಹಿಮ್ಮಡಿ ಊರಿ, ಎದೆ ಎತ್ತಿ

ಸಾವನದುರ್ಗದ ಬುಡದಲ್ಲಿ ಎರಡು ಗುಡಿಗಳಿವೆ: ಸಾವಂದಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ. ಬೆಟ್ಟಕ್ಕೂ ಎರಡು ಮೈ. ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ಸಾಮಾನ್ಯವಾಗಿ ಜನ ಹತ್ತುವುದು ಕರಿಗುಡ್ಡವನ್ನು. ಸುತ್ತಲಿನದು ಕಾಯ್ದಿಟ್ಟ ಅರಣ್ಯವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು. ಬುಡದ ಪೊದೆಗಳ ನಡುವೆ ಸ್ವಲ್ಪ ದೂರ ನಡೆದ ಮೇಲೆ ಕಾಲುದಾರಿ ನಿಂತುಹೋಗುತ್ತದೆ. ಎದುರಿಗೆ ಇಳಿಜಾರಾಗಿ ಹರಡಿದ ಕಲ್ಲಿನ ಮೈ. ಅಲ್ಲಿಂದ ಮೇಲೆ ದಾರಿಯೆಂದರೆ ಬಂಡೆಯ ಮೇಲೆ ಬಳಿದ ಬಾಣದ ಗುರುತು ಮಾತ್ರ.

ಮೊದಲ ಸಲ ಕಡಿದಾದ ಬಂಡೆ ಹತ್ತುವವರ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ, ಎದೆಯನ್ನು ಕಲ್ಲಿಗೆ ಒತ್ತಿ ಹಿಡಿಯಲು ನೋಡುತ್ತದೆ. ಭಯದಲ್ಲಿ ಅದು ಸಹಜ. ಆದರೆ ಜಾರುವುದು ಹಾಗೆ ಬಾಗಿದಾಗಲೇ. ಬ್ಯಾಂಕಿನ ಗೆಳೆಯ ಹಾಗೆ ಬಾಗಿದ್ದನ್ನು ಕಂಡ ಮಾಗಡಿಯ ಗೆಳೆಯ ಮೇಲಿನಿಂದಲೇ ಕೂಗಿದ: “ಬಗ್ಗಬ್ಯಾಡ ಕಣೋ, ನೆಟ್ಟಗೆ ನಿಲ್ಲು. ಹಿಮ್ಮಡಿ ಕೆಳಗಿರ್ಲಿ. ಭಾರ ಎಲ್ಲಾ ಕಾಲ್ ಮ್ಯಾಲೆ ಬಿಡು.” ಇದರ ಹಿಂದಿನ ಲೆಕ್ಕ ಸರಳ. ನೆಟ್ಟಗೆ ನಿಂತಾಗ ಮೈಭಾರ ಪಾದದ ಮೇಲೆ ನೇರ ಇಳಿದು ಅಟ್ಟೆಯನ್ನು ಕಲ್ಲಿಗೆ ಒತ್ತುತ್ತದೆ; ಒತ್ತಿದಷ್ಟೂ ಘರ್ಷಣೆ ಹೆಚ್ಚು. ಮುಂದಕ್ಕೆ ಬಾಗಿ ಕೈಯ ಮೇಲೆ ಭಾರ ಹಾಕಿದರೆ ಪಾದದ ಒತ್ತಡ ಕಡಿಮೆಯಾಗಿ ಕಾಲು ಹಿಂದಕ್ಕೆ ಜಾರುತ್ತದೆ. ಹೆಜ್ಜೆ ಚಿಕ್ಕದಿರಬೇಕು. ಬಂಡೆ ಇನ್ನೂ ಕಡಿದಾದಲ್ಲಿ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಕಲ್ಲನ್ನು ಹಿಡಿದಿರಬೇಕು; ಒಮ್ಮೆಗೆ ಒಂದನ್ನಷ್ಟೇ ಎತ್ತಬೇಕು.

ಎಲ್ಲಿ ಕಾಲಿಡಬಾರದು ಎನ್ನುವುದು ಇನ್ನೊಂದು ಪಾಠ. ಸಾವನದುರ್ಗದ ಮೈಮೇಲೆ ಮೇಲಿನಿಂದ ಕೆಳಕ್ಕೆ ಕಪ್ಪು ಪಟ್ಟೆಗಳಿವೆ. ಮಳೆಗಾಲದಲ್ಲಿ ನೀರು ಹರಿಯುವ ಜಾಡು ಅವು. ಅಲ್ಲಿ ಕಣ್ಣಿಗೆ ಕಾಣದ ನೀಲಿ-ಹಸಿರು ಪಾಚಿ, ಕಲ್ಲುಹೂವುಗಳು ಪದರಗಟ್ಟಿರುತ್ತವೆ. ಒಣಗಿದಾಗ ತೊಂದರೆಯಿಲ್ಲ, ಇಬ್ಬನಿಯ ತೇವ ಸಿಕ್ಕರೂ ಸಾಕು, ಪಟ್ಟೆ ಜಾರುಬಂಡೆಯಾಗುತ್ತದೆ. ತಿಳಿಬಣ್ಣದ, ಹರಳು ಹರಳಾಗಿ ಕೈಗೆ ತಗಲುವ ಮೈಯನ್ನೇ ಹುಡುಕಿ ಹೆಜ್ಜೆಯಿಡಬೇಕು. ಈ ಬೆಟ್ಟದಲ್ಲಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಒದ್ದೆ ಬಂಡೆ, ಗುರುತು ಬಿಟ್ಟು ಅಡ್ಡದಾರಿ ಹಿಡಿಯುವುದು, ಫೋಟೊಕ್ಕಾಗಿ ಅಂಚಿಗೆ ಹೋಗುವುದು, ಕತ್ತಲಾದ ಮೇಲೆ ಇಳಿಯುವುದು: ಇಷ್ಟನ್ನು ಬಿಟ್ಟರೆ ಅಪಾಯದ ಬಹುಪಾಲನ್ನು ಬಿಟ್ಟ ಹಾಗೆಯೇ.

ನಾವು ಹತ್ತಿದ್ದು ಕಾಲ್ನಡಿಗೆಯ ಮೈ. ಅದರ ಆಚೆಗೆ, ಹಗ್ಗ ಮತ್ತು ಜೊತೆಗಾರರಿಲ್ಲದೆ ಯಾರೂ ಮುಟ್ಟಬಾರದ ಕಡಿದಾದ ಮುಖಗಳಿವೆ. ದೇಶದ ನಾನಾ ಕಡೆಯಿಂದ ಶಿಲಾರೋಹಿಗಳು ಅಲ್ಲಿಗೆ ಬರುತ್ತಾರೆ. ಅವರು ಏರುವ ದಾರಿಗಳಲ್ಲಿ ಒಂದಕ್ಕೆ ದೀಪಾವಳಿ ಎಂದು ಹೆಸರಿದೆ. ಈ ವಿದ್ಯೆ ಕಲಿಯಬೇಕೆನ್ನುವ ಕನ್ನಡದ ಹುಡುಗ ಹುಡುಗಿಯರಿಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸಂಸ್ಥೆಗಳು ನಮ್ಮ ರಾಜ್ಯದಲ್ಲೇ ಇವೆ. ಕಲಿತು ಹತ್ತುವವರಿಗೂ ಹುಮ್ಮಸ್ಸಿನಲ್ಲಿ ಹತ್ತುವವರಿಗೂ ಎಷ್ಟು ಅಂತರವಿದೆ ಎಂಬುದು ಅಂದು ನಮ್ಮ ಗೆಳೆಯನನ್ನು ನೋಡುತ್ತ ತಿಳಿಯಿತು. ಅವನು ಒಮ್ಮೆಯೂ ಅವಸರ ಮಾಡಲಿಲ್ಲ. ಎಲ್ಲರಿಗಿಂತ ಹಿಂದೆ ಬೀಳುವವರು ಯಾರೆಂದು ನೋಡಿಕೊಂಡು ಅವರನ್ನು ತನ್ನ ಬೆನ್ನಿಗೇ ಇಟ್ಟುಕೊಂಡು ನಡೆದ. ತಾನು ಕಾಲಿಟ್ಟ ಜಾಗ ಅವರಿಗೆ ಕಾಣಲಿ ಎಂಬುದು ಅವನ ಉದ್ದೇಶ.

250 ಕೋಟಿ ವರ್ಷದ ಮೈ

ಮೊದಲ ಸುತ್ತಿನ ಕೋಟೆಗೋಡೆ ಮುಟ್ಟಿದಾಗ ಗೆಳತಿ ಕುಳಿತು ಬಂಡೆಯ ಮೇಲೆ ಬೆರಳಾಡಿಸಿದಳು. ಹತ್ತಿರದಿಂದ ನೋಡಿದರೆ ಈ ಕಲ್ಲು ಒಂದು ಬಣ್ಣದ್ದಲ್ಲ. ಬೂದು ಬಿಳುಪಿನ ಬೆಣಚು, ನಸುಗೆಂಪಿನ ಫೆಲ್ಡ್‌ಸ್ಪಾರ್, ನಡುನಡುವೆ ಮಿನುಗುವ ಕಪ್ಪು ಅಭ್ರಕ. ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡವು. ಕರಗಿದ ಶಿಲೆ ನೆಲದಾಳದಲ್ಲಿ ಬಹಳ ನಿಧಾನವಾಗಿ ತಣಿದಾಗ ಮಾತ್ರ ಹರಳು ಹೀಗೆ ಬೆಳೆಯಲು ಸಮಯ ಸಿಗುತ್ತದೆ. ಅಂದರೆ ನಾವು ಕುಳಿತಿದ್ದ ಬೆಟ್ಟದ ಮೈ ಹುಟ್ಟಿದ್ದು ಕಿಲೋಮೀಟರ್‌ಗಟ್ಟಲೆ ಆಳದಲ್ಲಿ.

ರಾಮನಗರ ಸೀಮೆಯ ಈ ಶಿಲೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರು. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ನೆನಪಿಗೆ ರಾಮನಗರವನ್ನು ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರಿನ ಹೆಸರು ಬದಲಾದರೂ ಶಿಲೆಯ ಹೆಸರು ಉಳಿಯಿತು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕರ್ನಾಟಕದ ನಡುವೆ ಹಾದುಹೋಗುವ ಪಟ್ಟಿ ಇದು. ವಯಸ್ಸು ಸುಮಾರು 250 ಕೋಟಿ ವರ್ಷ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದಕ್ಕೂ ಹಿರಿಯದು, 300 ಕೋಟಿ ವರ್ಷದ ಆಸುಪಾಸಿನದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕಾಪಾಡಲಾಗಿದೆ. ಹಿಮಾಲಯ ಏಳಲು ತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಅದರ ಶಿಖರಗಳಿಗೆ ನಾವು ಕೊಡುವ ಗೌರವದ ಒಂದು ಪಾಲನ್ನಾದರೂ ಮಾಗಡಿಯ ಬಂಡೆಗಳು ಕೇಳಿ ಪಡೆಯಬಹುದು.

ಹಾಗಾದರೆ ಆಳದ ಶಿಲೆ ಮೇಲೆ ಬಂದದ್ದು ಹೇಗೆ, ಬೆಟ್ಟ ಇಷ್ಟು ನುಣುಪಾಗಿ ಗುಂಡಗಾದದ್ದು ಹೇಗೆ? ಮೇಲಿದ್ದ ನೆಲವನ್ನು ಮಳೆ, ಗಾಳಿ, ನದಿಗಳು ಕೋಟ್ಯಂತರ ವರ್ಷ ಸವೆಸಿ ಒಯ್ದವು. ತಲೆಯ ಮೇಲಿನ ಭಾರ ಇಳಿದಂತೆ ಬಂಡೆ ಹಿಗ್ಗಿತು. ಹಿಗ್ಗಿದಾಗ ಅದರ ಮೈಗೆ ಸಮಾನಾಂತರವಾಗಿ ಬಿರುಕು ಬಿಟ್ಟು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚತೊಡಗಿತು. ಮೂಲೆ, ಅಂಚುಗಳೆಲ್ಲ ಮೊದಲು ಉದುರುವುದರಿಂದ ಉಳಿಯುವುದು ಗುಂಡು ಮೈ. ನಾವು ಹತ್ತುವಾಗ ಕೈಗೆ ಸಿಕ್ಕ ಪ್ರತಿಯೊಂದು ಅಂಚೂ ಹೀಗೆ ಕಳಚಿದ ಒಂದು ಪದರದ ಕೊನೆ. ಗೆಳತಿ ಒಂದೆಡೆ ಗೆಣ್ಣಿನಿಂದ ತಟ್ಟಿ ತೋರಿಸಿದಳು: ಬಿಗಿಯಾದ ಕಲ್ಲು ಸದ್ದು ಮಾಡುವುದಿಲ್ಲ, ಒಳಗೆ ಕಳಚಿಕೊಂಡ ಪದರ ಟೊಳ್ಳು ಸದ್ದು ಕೊಡುತ್ತದೆ. ಭಾರ ಹಾಕುವ ಮೊದಲು ತಟ್ಟಿ ಕೇಳುವ ಈ ಅಭ್ಯಾಸ ಶಿಲಾರೋಹಿಗಳದ್ದೂ ಹೌದು, ಕಲ್ಲು ಕುಟಿಗರದ್ದೂ ಹೌದು. ಕಟ್ಟಿಗೆ ಉರಿಸಿ ಬಂಡೆಯನ್ನು ಕಾಯಿಸಿ ಚಪ್ಪಡಿ ಎಬ್ಬಿಸುವ ಹಳೆಯ ಕುಶಲಕರ್ಮ ನಿಂತಿದ್ದು ಕಲ್ಲಿನ ಈ ಗುಣದ ಮೇಲೆಯೇ.

ದೊಣೆಯ ನೀರು, ಬಿರುಕಿನ ಬೇರು

ಅರ್ಧ ಬೆಟ್ಟ ಏರಿದ ಮೇಲೆ ದೊಣೆಗಳು ಕಂಡವು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು, ಹರಳುಗಳನ್ನು ಒಂದೊಂದಾಗಿ ಸಡಿಲಿಸಿ, ತಾನು ನಿಲ್ಲುವ ಪಾತ್ರೆಯನ್ನು ತಾನೇ ಕೊರೆದುಕೊಂಡಿರುತ್ತದೆ. ಮಳೆಗಾಲದಲ್ಲಿ ಕಪ್ಪೆ ಮೊಟ್ಟೆಯಿಡುತ್ತದೆ, ಏರೋಪ್ಲೇನ್ ಚಿಟ್ಟೆಯ ಮರಿ ಬೆಳೆಯುತ್ತದೆ, ಬೇಸಿಗೆಗೆ ಎಲ್ಲ ಒಣಗಿ ತಳದಲ್ಲಿ ಒಂದಿಷ್ಟು ಮಣ್ಣು ಉಳಿಯುತ್ತದೆ. ಆ ಮಣ್ಣಿನಲ್ಲಿ ಹುಲ್ಲು ಹಿಡಿಯುತ್ತದೆ. ಹುಲ್ಲು ಕೊಳೆತು ಮಣ್ಣು ದಪ್ಪವಾದರೆ ಪೊದೆ ಬರುತ್ತದೆ. ಬಂಡೆಯ ಮೇಲೆ ಕಾಡು ಹುಟ್ಟುವ ಕ್ರಮ ಇದು, ಒಂದು ಹಿಡಿ ಮಣ್ಣಿಗೆ ಎಷ್ಟೋ ವರ್ಷ ಹಿಡಿಯುತ್ತದೆ. ಹತ್ತುವಾಗ ಆಸರೆಗೆಂದು ಒಂದು ಹುಲ್ಲಿನ ಗಂಟನ್ನು ಕಿತ್ತರೆ ಅಷ್ಟೂ ವರ್ಷದ ಕೆಲಸ ಕೈಗೆ ಬರುತ್ತದೆ.

ಬಂಡೆಯ ಸೀಳುಗಳಲ್ಲಿ ಕಳ್ಳಿ, ಸೀತಾಫಲ, ಬೇರನ್ನು ಬಿರುಕಿನುದ್ದಕ್ಕೂ ಚಾಚಿದ ಆಲ ಅರಳಿಯ ಜಾತಿಯ ಗಿಡಗಳು ಬೆಳೆದಿದ್ದವು. ಹಕ್ಕಿಯ ಗೆಳೆಯ ಎಲ್ಲರಿಗೂ ಕೈಸನ್ನೆ ಮಾಡಿ ನಿಲ್ಲಿಸಿದ್ದು ಅಂಥ ಒಂದು ಸೀಳಿನ ಬಳಿ. ಹಳದಿ ಕೊರಳಿನ ಪಿಕಳಾರ. ಬೂದುಬೆನ್ನು, ತಲೆ ಕೊರಳೆಲ್ಲ ಹಳದಿ. ಜಗತ್ತಿನಲ್ಲಿ ಈ ಹಕ್ಕಿಯಿರುವುದು ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ. ನಂದಿಬೆಟ್ಟ, ಸಾವನದುರ್ಗ, ರಾಮನಗರದ ಸುತ್ತಿನ ಕುರುಚಲು ಕಾಡಿನಲ್ಲಿ ಸಿಗುತ್ತದೆ. ಅಳಿವಿನ ಭೀತಿಯಿರುವ ಜೀವಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ಬಂಡೆಯನ್ನು ಒಡೆದು ಒಯ್ದರೆ ಇದಕ್ಕೆ ಹೋಗಲು ಬೇರೆ ಊರಿಲ್ಲ. ಬಂಡೆಯ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತಕ್ಕೂ ಇದೇ ಮನೆ. ಡಿಸೆಂಬರಿನಲ್ಲಿ ಅದು ಕಲ್ಲಿನದೇ ಬಣ್ಣ. ಮರಿ ಮಾಡುವ ಕಾಲಕ್ಕೆ ಬಂದರೆ ಗಂಡಿನ ಮೈಗೆ ಹಳದಿ ಕೆಂಪು ಏರುತ್ತದೆ.

ಬೆಟ್ಟದ ದಕ್ಷಿಣ ದಿಕ್ಕಿಗೆ ತಿರುಗಿ ನಿಂತಾಗ ಮಾತು ರಣಹದ್ದುಗಳತ್ತ ಹೊರಳಿತು. ರಾಮನಗರದ ರಾಮದೇವರ ಬೆಟ್ಟವನ್ನು ಜನ ‘ಶೋಲೆ’ ಚಿತ್ರದ ನೆಲವೆಂದು ಬಲ್ಲರು. 1975ರಲ್ಲಿ ತೆರೆಗೆ ಬಂದ ಆ ಚಿತ್ರದ ಗಬ್ಬರ್‌ನ ಬಂಡೆಗಳು ಅಲ್ಲಿಯವು. ಆದರೆ ಆ ಬೆಟ್ಟದ ಕಡಿದಾದ ಅಂಚುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ ಎಂಬುದು ಅದಕ್ಕಿಂತ ದೊಡ್ಡ ಸಂಗತಿ. 2012ರಲ್ಲಿ ಅಲ್ಲಿನ 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿ, 1990ರ ದಶಕದಿಂದೀಚೆಗೆ ದೇಶದಾದ್ಯಂತ ಅವುಗಳನ್ನು ಅಳಿವಿನಂಚಿಗೆ ತಂದಿತು. ಜಾನುವಾರುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಿದರು. ಔಷಧಿ ನಿಂತರೆ ಸಾಲದು, ಮನುಷ್ಯರ ಕಾಲು ತಲುಪದ ಬಂಡೆಯ ಅಂಚೂ ಅವಕ್ಕೆ ಬೇಕು. ಹತ್ತುವ ಹಕ್ಕು ಎಲ್ಲ ಬಂಡೆಗೂ ನಮಗಿಲ್ಲ ಎನ್ನುವ ವಿವೇಕ ಬೆಟ್ಟ ಹತ್ತುವವರಿಗೆ ಮೊದಲು ಬರಬೇಕು.

ಇನ್ನೊಂದು ಎಚ್ಚರ ಹೆಜ್ಜೇನಿನದು. ಚಾಚಿದ ಬಂಡೆಗಳ ಅಡಿಯಲ್ಲಿ ದೊಡ್ಡ ಹುಟ್ಟುಗಳು ತೂಗುತ್ತಿದ್ದವು. ಹೊಗೆ, ಗಟ್ಟಿ ಸದ್ದು, ಸುಗಂಧದ ಘಾಟು ಯಾವುದಾದರೂ ಅವನ್ನು ಕೆಣಕಬಲ್ಲದು, ಬಂಡೆಯ ಮೇಲೆ ಓಡಿ ತಪ್ಪಿಸಿಕೊಳ್ಳುವ ಜಾಗ ಇರುವುದಿಲ್ಲ. ಆ ತಿರುವನ್ನು ನಾವು ಮಾತಿಲ್ಲದೆ ದಾಟಿದೆವು.

ನೆತ್ತಿಯಿಂದ ಕಂಡ ಚರಿತ್ರೆ

ಕರಿಗುಡ್ಡದ ನೆತ್ತಿಯಲ್ಲಿ ಕಲ್ಲಿನ ಮಂಟಪ, ಒಳಗೆ ಬಸವಣ್ಣ. ಅಲ್ಲಿಂದ ಒಂದು ಕಡೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ, ಇನ್ನೊಂದು ಕಡೆ ತಿಪ್ಪಗೊಂಡನಹಳ್ಳಿಯ ನೀರು. ಬೆಂಗಳೂರು ಕುಡಿಯಲು ಕಾವೇರಿಯನ್ನು ತರುವ ಮೊದಲು ನೆಚ್ಚಿದ್ದು ಈ ಅರ್ಕಾವತಿಯನ್ನು. ನಾಲ್ಕೂ ದಿಕ್ಕಿಗೆ ಇಷ್ಟು ದೂರ ಕಾಣುವ ಜಾಗವನ್ನು ಹಿಂದಿನ ಅರಸರು ಬಿಟ್ಟಾರೆಯೇ! 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಯನ್ನು ನೆಲೆ ಮಾಡಿಕೊಂಡರು. ಸಾವನದುರ್ಗ ಅವರ ಬಲವಾಯಿತು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಇದನ್ನು ಗೆದ್ದುಕೊಂಡ.

ಈ ಬಂಡೆ ಲೋಕದ ಸುದ್ದಿಯಾದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. ಬೆಂಗಳೂರನ್ನು ಹಿಡಿದಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ಗೆ ಶ್ರೀರಂಗಪಟ್ಟಣಕ್ಕೆ ಸೈನ್ಯ, ದವಸ ಸಾಗಿಸಬೇಕಿತ್ತು. ಬೆನ್ನ ಹಿಂದೆ ಟಿಪ್ಪುವಿನ ಈ ದುರ್ಗಗಳಿರುವವರೆಗೆ ದಾರಿ ಭದ್ರವಿರಲಿಲ್ಲ. ಹಾಗಾಗಿ 1791ರ ಡಿಸೆಂಬರಿನಲ್ಲಿ ಕಾಡು ಕಡಿದು ದಾರಿ ಮಾಡಿ ಬುಡಕ್ಕೆ ಫಿರಂಗಿ ಎಳೆದು ತಂದರು. ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಮೂರು ದಿನ ಕಳೆದು ಹುತ್ರಿದುರ್ಗವೂ ಅವರ ವಶವಾಯಿತು. ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲೇ ಶ್ರೀರಂಗಪಟ್ಟಣದ ಮುತ್ತಿಗೆ, ಒಪ್ಪಂದ ಎಲ್ಲವೂ ನಡೆದುಹೋದವು. ಸೇನೆಯ ಜೊತೆಗೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಈ ಬೆಟ್ಟಗಳನ್ನು ಬರೆದ. 1794ರಲ್ಲಿ ಅವು ಪುಸ್ತಕವಾಗಿ ಬಂದು ಇಂಗ್ಲೆಂಡಿನವರಿಗೆ ಮೈಸೂರು ಸೀಮೆಯ ಕಲ್ಲುಬೆಟ್ಟಗಳ ಪರಿಚಯವಾಯಿತು.

ಹತ್ತಿ ಬಂದವರಿಗೆ ಈ ಚರಿತ್ರೆ ಪುಸ್ತಕದಲ್ಲಿ ಓದಿದವರಿಗಿಂತ ಬೇರೆ ರೀತಿ ತಿಳಿಯುತ್ತದೆ. ಬರಿಗೈಯಲ್ಲಿ ಏರಲು ಉಸಿರು ಕಟ್ಟುವ ಇಳಿಜಾರಿನಲ್ಲಿ ಕೋಟೆಯ ಕಲ್ಲನ್ನು ಹೊತ್ತವರಾರು? ನೆತ್ತಿಯಲ್ಲಿ ದಂಡು ಇಟ್ಟರೆ ಅವರಿಗೆ ಕುಡಿಯಲು ನೀರೆಲ್ಲಿಂದ? ಉತ್ತರ ಬಂಡೆಯಲ್ಲೇ ಇದೆ. ಕಲ್ಲನ್ನು ಬುಡದಿಂದ ತರದೆ ಅಲ್ಲಲ್ಲೇ ಎಬ್ಬಿಸಿದರು. ಸಾಲಾಗಿ ಕೊರೆದ ಉಳಿಗುಳಿಗಳ ಗುರುತು ಇಂದಿಗೂ ಕಾಣುತ್ತದೆ. ನೀರಿಗೆ ದೊಣೆಗಳಿದ್ದವು. ಗೋಡೆಯನ್ನು ಎಲ್ಲೆಡೆ ಕಟ್ಟಲಿಲ್ಲ, ಬಂಡೆ ತಾನೇ ಗೋಡೆಯಾಗಿ ನಿಂತ ಕಡೆ ಬಿಟ್ಟು ಏರಲು ಸಾಧ್ಯವಿರುವ ಸಂದುಗಳನ್ನಷ್ಟೇ ಮುಚ್ಚಿದರು. ಬಂಡೆಯ ಗುಣವನ್ನು ಕೈಯಲ್ಲೇ ಬಲ್ಲವರ ಕೆಲಸ ಅದು. ಅವರ ಹೆಸರು ಯಾವ ಶಾಸನದಲ್ಲೂ ಹುಡುಕಿದರೆ ಸಿಗಲಾರದು; ಕೈಗುರುತು ಸಿಗುತ್ತದೆ.

ಅವರೆಕಾಳಿನ ಊಟ, ಭೈರವದುರ್ಗದ ಬಿಸಿಲು

ಇಳಿಯುವುದು ಏರುವುದಕ್ಕಿಂತ ಕಷ್ಟ. ಮಂಡಿ ಸಡಿಲಿಸಿ, ಅಗತ್ಯವಿದ್ದಲ್ಲಿ ಕುಳಿತು, ಅಡ್ಡಡ್ಡವಾಗಿ ಇಳಿದೆವು. ಮಾಗಡಿಯಲ್ಲಿ ಗೆಳೆಯನ ಅಕ್ಕನ ಮನೆ. ರಾಗಿಮುದ್ದೆ, ಹಿತಕವರೆ ಸಾರು. “ಬಂಡೆ ಹತ್ತೋರು ಅರ್ಧ ಮುದ್ದೆಗೆ ಏಳಬಾರ್ದು” ಎಂದು ಅಕ್ಕ ಇನ್ನೊಂದನ್ನು ತಟ್ಟೆಗೆ ಹಾಕಿಯೇ ಬಿಟ್ಟರು. ಮಾಗಡಿಯ ಅವರೆಗೆ ಇಡೀ ಬೆಂಗಳೂರು ಕಾಯುವ ತಿಂಗಳು ಅದು. ಮಂಜು ಬಿದ್ದಷ್ಟೂ ಸೊಗಡು ಹೆಚ್ಚು ಎಂದು ಅಕ್ಕ ಹೇಳಿದರು.

ಭೈರವದುರ್ಗ ಚಿಕ್ಕ ಬೆಟ್ಟ. ಬುಡದಲ್ಲಿ ಭೈರವೇಶ್ವರನ ಗುಡಿ, ಮೇಲೆ ಕೋಟೆಯ ಉಳಿಕೆ. ಎತ್ತರ ಕಡಿಮೆಯೆಂದು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಇಲ್ಲಿ ಬಂಡೆ ನೇರ ಎದೆಗೆ ನಿಲ್ಲುತ್ತದೆ. ಅಂದಿನ ದಿನದಲ್ಲಿ ಕೈಗಳಿಗೆ ಹೆಚ್ಚು ಕೆಲಸ ಬಿದ್ದದ್ದು ಇಲ್ಲಿಯೇ. ಒಂದು ಕಡೆ ಎರಡು ಗುಂಡುಗಳ ನಡುವಿನ ಸಂದಿನಲ್ಲಿ ಬೆನ್ನನ್ನು ಒಂದಕ್ಕೆ, ಪಾದವನ್ನು ಇನ್ನೊಂದಕ್ಕೆ ಒತ್ತಿ ಮೇಲೇರಬೇಕಾಯಿತು. ಗೆಳತಿಗೆ ಅಲ್ಲಿ ಕಾಲು ನಡುಗಿತು. ಕೆಳಗಿದ್ದ ನಾನು ಅವಳ ಪಾದಕ್ಕೆ ಅಂಗೈ ಕೊಟ್ಟೆ, ಮೇಲಿದ್ದವನು ಕೈಯೂರುವ ಅಂಚನ್ನು ಒಂದೊಂದಾಗಿ ಹೇಳಿದ. ಎಳೆಯಲಿಲ್ಲ, ಅವಸರಿಸಲಿಲ್ಲ, ಅವಳು ತನ್ನ ಬಲದಿಂದಲೇ ಮೇಲೆ ಬಂದಳು.

ಗೆಳೆತನಕ್ಕೆ ಇಂಥ ಜಾಗಗಳು ಬೇಕು ಎಂದು ನಾನು ಮನಸಾರೆ ನಂಬುತ್ತೇನೆ. ಊರಿನಲ್ಲಿ ನಾವು ಭೇಟಿಯಾದಾಗ ಮಾತು ಬಹಳ, ಒಬ್ಬರಿಗೊಬ್ಬರ ಅಗತ್ಯ ಕಡಿಮೆ. ಬಂಡೆಯ ಮೇಲೆ ಅದು ತಿರುವುಮುರುವು. ಮುಂದಿನವರು ಕಾಲಿಟ್ಟ ಜಾಗ ಹಿಂದಿನವರಿಗೆ ದಾರಿ, ಹಿಂದಿನವರ ಕಣ್ಣು ಮುಂದಿನವರಿಗೆ ಕಾವಲು. ಫೋನು ಜೇಬಿನಿಂದ ಹೊರಬರುವುದಿಲ್ಲ, ಕೈ ಖಾಲಿಯಿರಬೇಕಲ್ಲ. ಹೆದರಿದವರು ಹೆದರಿಕೆಯಾಯಿತು ಎನ್ನುತ್ತಾರೆ, ಉಳಿದವರು ನಿಲ್ಲುತ್ತಾರೆ.

ಹುತ್ರಿದುರ್ಗದ ಬಾಗಿಲುಗಳು

ಬಿಸಿಲು ಇಳಿಯುವ ಹೊತ್ತಿಗೆ ಹುತ್ರಿದುರ್ಗಕ್ಕೆ ಬಂದೆವು. ಕುಣಿಗಲ್ ತಾಲ್ಲೂಕಿನ ಈ ಬೆಟ್ಟದ ಮಡಿಲಲ್ಲಿ ಸಂತೇಪೇಟೆ ಎಂಬ ಹಳ್ಳಿಯಿದೆ. ಕೋಟೆಯ ನೆರಳಿನಲ್ಲಿ ಜನ ಇಂದಿಗೂ ಬಾಳುವ ಊರು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ನೀರು ಕೊಟ್ಟು ಕೇಳಿದರು: “ಈ ಹೊತ್ನಲ್ಲಿ ಮ್ಯಾಲಕ್ ಹೊಂಟ್ರಾ? ಕತ್ಲಾಗೋಕ್ ಮುಂಚೆ ಇಳ್ದ್‌ಬಿಡಿ ಮಕ್ಳೇ, ಕರಡಿ ಓಡಾಡ್ತವೆ.” ಈ ಕಲ್ಲುಬೆಟ್ಟಗಳ ಗವಿಗಳು ಕರಡಿಗಳ ನೆಲೆ. ಹಗಲು ನಮಗೆ, ಇರುಳು ಅವಕ್ಕೆ ಎನ್ನುವ ಹಂಚಿಕೆಯನ್ನು ಊರಿನವರು ಪಾಲಿಸಿಕೊಂಡು ಬಂದಿದ್ದಾರೆ. ಹೊರಗಿನಿಂದ ಬರುವವರೂ ಪಾಲಿಸಬೇಕು.

ಸಾವನದುರ್ಗದಲ್ಲಿ ಬಂಡೆಯೇ ಮುಖ್ಯ. ಹುತ್ರಿದುರ್ಗದಲ್ಲಿ ಬಂಡೆಯೂ ಕಟ್ಟಡವೂ ಒಂದರೊಳಗೊಂದು ಸೇರಿವೆ. ಒಂದಾದ ಮೇಲೊಂದು ಕೋಟೆಯ ಬಾಗಿಲು, ಬಂಡೆಯಲ್ಲೇ ಕಡಿದ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಹಾಸುಬಂಡೆ. ಒಂದು ಬಾಗಿಲು ದಾಟಿದ ಕೂಡಲೇ ದಾರಿ ಸರಕ್ಕನೆ ತಿರುಗುತ್ತದೆ. ನುಗ್ಗಿ ಬರುವ ಶತ್ರುವಿನ ಓಟ ಮುರಿಯಲು ಮಾಡಿದ ಉಪಾಯ ಅದು. ನೆತ್ತಿಯಲ್ಲಿ ಶಂಕರೇಶ್ವರನ ಗುಡಿ. ಅಲ್ಲಿಂದ ಬೆಳಿಗ್ಗೆ ಹತ್ತಿದ್ದ ಸಾವನದುರ್ಗ ಪೂರ್ವದ ದಿಗಂತದಲ್ಲಿ ಕಂಡಿತು. ಒಂದು ದುರ್ಗದಿಂದ ಇನ್ನೊಂದು ಕಾಣುವುದು ಆಕಸ್ಮಿಕವಲ್ಲ. ಒಂದರಲ್ಲಿ ಎದ್ದ ಬೆಂಕಿ, ಹೊಗೆ ಇನ್ನೊಂದಕ್ಕೆ ಸುದ್ದಿ. ನಕ್ಷೆಯಲ್ಲಿ ಬೇರೆ ಬೇರೆ ಚುಕ್ಕೆಗಳಾಗಿ ಕಾಣುವ ಈ ಬೆಟ್ಟಗಳು ಒಂದೇ ವ್ಯವಸ್ಥೆಯ ಅಂಗಗಳು. ಪಿಕಳಾರಕ್ಕೂ ರಣಹದ್ದಿಗೂ ಕರಡಿಗೂ ಅವು ಹಾಗೆಯೇ. ಒಂದು ಬೆಟ್ಟ ಕಡಿದರೆ ಸರಪಣಿಯ ಒಂದು ಕೊಂಡಿ ಕಳಚುತ್ತದೆ.

ಉಳಿಸಬೇಕಾದ ಲೆಕ್ಕ

ಈ ಮಾತು ಏಕೆ ಬಂತೆಂದರೆ, ಅಂದಿನ ದಾರಿಯುದ್ದಕ್ಕೂ ಅರ್ಧ ಕತ್ತರಿಸಿ ಬಿಟ್ಟ ಗುಡ್ಡಗಳೂ ಕಂಡವು. ಮನೆ ಕಟ್ಟಲು, ರಸ್ತೆ ಹಾಕಲು ಜಲ್ಲಿ ಬೇಕು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕಲ್ಲು ಒಡೆದು ಹೊಟ್ಟೆ ಹೊರೆಯುವ ಕುಟುಂಬಗಳೂ ಇವೆ. ಆದರೆ ಯಾವ ಗುಡ್ಡ ಒಡೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸುವಾಗ ಅದರ ಮೇಲೆ ಏನಿದೆ ಎಂಬುದನ್ನು ನೋಡಿರಬೇಕು. ಖರಾಬು ಎಂದು ಬರೆದ ಕಾಗದ ನೋಡಿದರೆ ಸಾಲದು.

ಕಬ್ಬಾಳದುರ್ಗದ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ದಳವಾಯಿಗಳ ಕಾಲದಲ್ಲಿ ಮೈಸೂರಿನ ಅರಸನೊಬ್ಬನನ್ನೇ ಸೆರೆಯಲ್ಲಿಟ್ಟಿದ್ದ ಬೆಟ್ಟ ಅದು. ಏಳನೆಯ ಚಾಮರಾಜ ಒಡೆಯರು 1734ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಬೆಟ್ಟದ ಬಳಿಯ ಕಲ್ಲಿನಲ್ಲಿ ಒಂದು ಬಗೆಯ ಶಿಲೆ ಇನ್ನೊಂದಾಗಿ ಮಾರ್ಪಡುತ್ತಿದ್ದುದು ಅರ್ಧಕ್ಕೆ ನಿಂತು ಹಾಗೇ ಉಳಿದಿರುವುದನ್ನು ಕನ್ನಡ ನಾಡಿನ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು ಗುರುತಿಸಿದರು. ನೈಸ್ ಎಂಬ ಪಟ್ಟೆಗಲ್ಲು ಚಾರ್ನೊಕೈಟ್ ಆಗುವ ಆ ಹಂತವನ್ನು ಅವರು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತಿನ ಭೂವಿಜ್ಞಾನಿಗಳು ಕಬ್ಬಾಳಕ್ಕೆ ಬಂದು ನೋಡತೊಡಗಿದರು. ಭೂಮಿಯ ಹೊರಪದರದ ಆಳದಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ಒಂದು ಕನ್ನಡದ ಹಳ್ಳಿಯ ಬಂಡೆ ಬೇಕಾಯಿತು. ಇನ್ನೂ ಯಾವ ಬಂಡೆಯಲ್ಲಿ ಏನು ಬರೆದಿದೆಯೋ! ಓದುವ ಮೊದಲೇ ಜಲ್ಲಿ ಮಾಡಿಬಿಟ್ಟರೆ ಆ ಅಕ್ಷರ ಮತ್ತೆ ಸಿಗುವುದಿಲ್ಲ.

ಹತ್ತುವವರು ಮಾಡಬಹುದಾದದ್ದು ಬಹಳ ಇದೆ, ಯಾವುದೂ ದೊಡ್ಡದಲ್ಲ. ಹೊತ್ತು ತಂದ ಬಾಟಲಿ, ಕವರನ್ನು ಹೊತ್ತು ಇಳಿಸುವುದು. ಬಂಡೆಗೆ ಹೆಸರು ಕೆತ್ತದಿರುವುದು, ಬಣ್ಣ ಬಳಿಯದಿರುವುದು. ಬೆಂಕಿ ಹಚ್ಚದಿರುವುದು, ಡಿಸೆಂಬರಿನ ಒಣಹುಲ್ಲಿಗೆ ಒಂದು ಕಿಡಿ ಸಾಕು. ಅನುಮತಿ ಪಡೆದು, ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು, ಬೆಳಕಿರುವಾಗ ಹತ್ತಿ ಬೆಳಕಿರುವಾಗ ಇಳಿಯುವುದು. ಮಕ್ಕಳನ್ನು ಕರೆದೊಯ್ದು ಹರಳು, ದೊಣೆ, ಹಕ್ಕಿಯನ್ನು ತೋರಿಸುವುದು.

ಊರುಗಳು ಮಾಡಬಹುದಾದದ್ದು ಇದಕ್ಕಿಂತ ಮುಖ್ಯ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ತಮ್ಮ ನೆಲದ ಜೀವಸಂಪತ್ತನ್ನು ಜನರ ಕೈಯಿಂದಲೇ ದಾಖಲಿಸಬೇಕು. ಮಹತ್ವದ ತಾಣಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ಸರ್ಕಾರಕ್ಕೆ ಅದೇ ಕಾಯ್ದೆ ಅಧಿಕಾರ ಕೊಡುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪು 2007ರಲ್ಲಿ ಆ ಗೌರವ ಪಡೆದು ಇಂದಿಗೂ ನಿಂತಿದೆ. ಒಂದು ತೋಪಿಗೆ ಸಿಕ್ಕ ಮನ್ನಣೆ ಹಾಸುಬಂಡೆಗೂ ಗುಡ್ಡಕ್ಕೂ ಸಿಗಬಾರದೇಕೆ? ಮಾಗಡಿ, ಕುಣಿಗಲ್, ಕನಕಪುರ, ರಾಮನಗರದ ಗ್ರಾಮ ಪಂಚಾಯಿತಿಗಳು ತಮ್ಮ ದಾಖಲೆಯಲ್ಲಿ ಪ್ರತಿಯೊಂದು ಕಲ್ಲುಗುಡ್ಡಕ್ಕೂ ಒಂದು ಪುಟ ತೆರೆಯಲಿ. ಅದರಲ್ಲಿ ದೊಣೆಗಳೆಷ್ಟು, ಹೆಜ್ಜೇನು ಕಟ್ಟುವ ಅಂಚು ಯಾವುದು, ಕರಡಿಯ ಗವಿ ಎಲ್ಲಿ, ಯಾವ ಹಕ್ಕಿ ಗೂಡು ಕಟ್ಟುತ್ತದೆ, ಯಾವ ಬಂಡೆಯ ಮೇಲೆ ಊರಿನವರು ರಾಗಿ ಒಕ್ಕುತ್ತಾರೆ ಎಂದು ಬರೆಯಲಿ. ಆ ಪುಟ ತುಂಬಿದ ಮೇಲೆ ಗುಡ್ಡವನ್ನು ಯಾರಿಗೆ, ಯಾವುದಕ್ಕೆ ಕೊಡಬೇಕೆಂಬ ಚರ್ಚೆ ನಡೆಯಲಿ. ಬರೆಯಲು ಬೇಕಾದ ತಿಳಿವಳಿಕೆ ಆ ಊರುಗಳ ಕುರಿಗಾಹಿಗಳಲ್ಲಿ, ಅಜ್ಜಿಯರಲ್ಲಿ, ಬಂಡೆ ಹತ್ತಿ ಬೆಳೆದ ಹುಡುಗರಲ್ಲಿ ಈಗಲೂ ಇದೆ. ಹೋಗಿ ಕೇಳಿ ಬರೆದುಕೊಳ್ಳುವ ಕೆಲಸವಷ್ಟೇ ಬಾಕಿ.